ಅಭ್ಯಾಸವೂ 10–10ರಿಂದ ಶುರುವಾಗಲಿ

2024ರ ಆಗಸ್ಟ್ 7, ಪ್ಯಾರಿಸ್ ಒಲಿಂಪಿಕ್ಸ್. ಮಹಿಳಾ ಟೇಬಲ್ ಟೆನಿಸ್ ತಂಡ ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ಎದುರು ಭಾರತ 0–2ರಿಂದ ಹಿಂದಿತ್ತು. ಆಗ ಆಡಲು ಇಳಿದ ಬೆಂಗಳೂರಿನ ಅರ್ಚನಾ ಕಾಮತ್, ಅನುಭವಿ ಶಾನ್ ಶಿಯಾವೊನಾ ವಿರುದ್ಧ ಮೊದಲ ಗೇಮನ್ನು 19–17ರಿಂದ ಗೆದ್ದರು. 10–10 ಆದ ಮೇಲೆ ಸರ್ವ್ ಪ್ರತಿ ಪಾಯಿಂಟ್‌ಗೂ ಕೈ ಬದಲಾಗುತ್ತದೆ. ಅಂಥ 16 ಪಾಯಿಂಟ್‌ಗಳನ್ನು ಅವರು ತಾಳಿಕೊಂಡು ಆಡಿದರು. ಮುಂದಿನ ಗೇಮ್ 1–11ರಿಂದ ಕೈತಪ್ಪಿತು. ಆದರೂ ಕುಗ್ಗದೆ 11–5, 11–9ರಿಂದ ಪಂದ್ಯ ಗೆದ್ದರು. ಜರ್ಮನಿ ಎದುರು ಅಂದು ಭಾರತಕ್ಕೆ ದಕ್ಕಿದ್ದು ಅದೊಂದೇ ಗೆಲುವು.

ಈ ತಾಳಿಕೆಯನ್ನು ನಮ್ಮ ತಾಲ್ಲೂಕು ಕೇಂದ್ರಗಳ ಮಕ್ಕಳಿಗೆ ಕಲಿಸುವವರು ಯಾರು?

ಚಳ್ಳಕೆರೆ, ಮೊಳಕಾಲ್ಮುರಿನಂಥ ಊರುಗಳಲ್ಲಿ ಆಟಗಾರರು ಬೆರಳೆಣಿಕೆಯಷ್ಟು. ದಿನವೂ ಅದೇ ಜೊತೆಗಾರ, ಫೋರ್‌ಹ್ಯಾಂಡ್‌ಗೆ ಫೋರ್‌ಹ್ಯಾಂಡ್. ಚೆಂಡು ಎಲ್ಲಿಗೆ ಬರುತ್ತದೆಂದು ಇಬ್ಬರಿಗೂ ಮೊದಲೇ ಗೊತ್ತು. ಪಂದ್ಯದಲ್ಲಿ ಎದುರಾಳಿ ಇಷ್ಟು ಉದಾರಿಯಲ್ಲ. ನೆಟ್ ಬಳಿಯೇ ಬೀಳುವ ಗಿಡ್ಡ ಸರ್ವ್ ಹಾಕುತ್ತಾನೆ. ಕೆಳಸ್ಪಿನ್ನೋ ಪಕ್ಕದ ಸ್ಪಿನ್ನೋ ತಿಳಿಯುವಷ್ಟರಲ್ಲಿ ಚೆಂಡು ನೆಟ್‌ಗೆ ಬಡಿದಿರುತ್ತದೆ. ಅವನ ಬ್ಯಾಟ್‌ಗೆ ಉದ್ದ ಪಿಂಪಲ್‌ನ ರಬ್ಬರ್ ಇದ್ದರಂತೂ ನಾವು ಕೊಟ್ಟ ಸ್ಪಿನ್ನೇ ತಿರುಗಿ ಬಂದು ಕಾಡುತ್ತದೆ. ನಿತ್ಯ ನೂರು ಹೊಡೆತ ಹೊಡೆದ ಕೈಗೆ ಆ ಹೊಡೆತಕ್ಕೆ ಅವಕಾಶವೇ ಸಿಗುವುದಿಲ್ಲ.

ಹಾಗಾಗಿ ಅಭ್ಯಾಸದ ಕ್ರಮವೇ ಬದಲಾಗಬೇಕು. ಒಂದು ಗಂಟೆ ಆಡಿದರೆ ಅರ್ಧ ಗಂಟೆಯಾದರೂ ಸರ್ವ್, ರಿಸೀವ್ ಮತ್ತು ಮೂರನೆಯ ಹೊಡೆತಕ್ಕೆ ಮೀಸಲಿರಲಿ. ಗೇಮನ್ನು 10–10ರಿಂದ, ಕೆಲವೊಮ್ಮೆ 6–9ರ ಹಿನ್ನಡೆಯಿಂದ ಆರಂಭಿಸಲಿ. ಎರಡು ಪಾಯಿಂಟ್ ಸತತವಾಗಿ ಹೋದರೆ ಮೂರನೆಯದಕ್ಕೆ ಅವಸರಪಡದೆ, ಉಸಿರು ಬಿಟ್ಟು, ಯಾವ ಸರ್ವ್ ಎಂದು ನಿಶ್ಚಯಿಸಿ ನಿಲ್ಲುವುದೂ ಕಲಿಯಬೇಕಾದ ಪಾಠವೇ. ನಿಯಮ ಆಟಗಾರನಿಗೆ ಪಂದ್ಯಕ್ಕೊಂದು ನಿಮಿಷದ ಟೈಮ್‌ಔಟ್ ಕೊಟ್ಟಿದೆ. ಅದನ್ನು ಯಾವಾಗ ಕೇಳಬೇಕೆಂಬುದೂ ಅಭ್ಯಾಸದಲ್ಲೇ ತಿಳಿಯಬೇಕು.

ಇಷ್ಟಕ್ಕೂ ಹೊಸ ಎದುರಾಳಿ ಇಲ್ಲದೆ ಇದ್ಯಾವುದೂ ಪೂರ್ಣವಾಗದು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಒಂದೇ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಇವುಗಳ ದೈಹಿಕ ಶಿಕ್ಷಕರೂ ಹಿರಿಯ ಆಟಗಾರರೂ ಮಾತಾಡಿಕೊಂಡು ತಿಂಗಳಿಗೊಂದು ಭಾನುವಾರ ಒಮ್ಮೆ ಚಳ್ಳಕೆರೆಯಲ್ಲಿ, ಒಮ್ಮೆ ಮೊಳಕಾಲ್ಮುರಿನಲ್ಲಿ ಪಂದ್ಯ ಏರ್ಪಡಿಸಲಿ. ಟ್ರೋಫಿ ಬೇಡ, ವೇದಿಕೆ ಬೇಡ. ಬಸ್ ಚಾರ್ಜು, ಮಧ್ಯಾಹ್ನದ ಊಟ, ಅಂಕ ಬರೆಯಲು ಒಬ್ಬರು ಸಾಕು. ಕ್ರೀಡಾ ಇಲಾಖೆ ಇಷ್ಟರ ಖರ್ಚನ್ನು ಹೊತ್ತುಕೊಳ್ಳಬೇಕು.