ಹೊರದೇಶದ ಗುರು, ನಂಜನಗೂಡಿನ ಶಿಷ್ಯ: ದಕ್ಷಿಣೆ ಯಾರದು?

ನಂಜನಗೂಡು ಎಂದರೆ ಶ್ರೀಕಂಠೇಶ್ವರ, ರಸಬಾಳೆ, ಹಲ್ಲುಪುಡಿ. ಈ ಪಟ್ಟಿಗೆ ಕಾರ್ಖಾನೆಗಳು ಸೇರಿ ದಶಕಗಳೇ ಆದವು. ಸ್ವಿಟ್ಜರ್ಲೆಂಡಿನ ನೆಸ್ಲೆ ಕಂಪನಿ 1989ರಲ್ಲಿ ಇಲ್ಲಿ ಕಾಫಿ ಪುಡಿ ಕಾರ್ಖಾನೆ ತೆರೆಯಿತು. ಎಲೆಕ್ಟ್ರಾನಿಕ್ ಉಪಕರಣಗಳ ಸರ್ಕ್ಯೂಟ್ ಹಲಗೆ ಮಾಡುವ ಆಸ್ಟ್ರಿಯಾದ ಎ.ಟಿ. ಅಂಡ್ ಎಸ್. 1999ರಲ್ಲಿ ಬಂತು. ಜಾಗ ಸಿಕ್ಕಿತು, ನೀರು ಸಿಕ್ಕಿತು, ರಸ್ತೆಯೂ ಸಿಕ್ಕಿತು. ಯಂತ್ರದ ಮುಂದೆ ನಿಲ್ಲುವ ಪಳಗಿದ ಕೈ? ಅದನ್ನು ತಯಾರು ಮಾಡುವವರು ಯಾರು, ಖರ್ಚು ಯಾರದು? ಈ ಪ್ರಶ್ನೆ ನಂಜನಗೂಡಿಗೂ ಉಂಟು, ಪಕ್ಕದ ತಿ. ನರಸೀಪುರಕ್ಕೂ ಉಂಟು.

ಪ್ರಶ್ನೆ ಈಗ ದೊಡ್ಡ ವ್ಯಾಪಾರವಾಗಿದೆ ಎಂಬುದೇ ಸಂಗತಿ. 2009ರಲ್ಲಿ ಕೇಂದ್ರ ಸರ್ಕಾರ ಕೌಶಲ್ಯ ನೀತಿ ಹೊರಡಿಸಿತು. 2022ರೊಳಗೆ 50 ಕೋಟಿ ಜನಕ್ಕೆ ಕಸುಬು ಕಲಿಸುತ್ತೇವೆ ಎಂದಿತು. ಐವತ್ತು ಕೋಟಿ! ಅಂಕಿ ಕೇಳಿದ್ದೇ ತಡ, ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾದ ತರಬೇತಿ ಸಂಸ್ಥೆಗಳ ಕಿವಿ ನೆಟ್ಟಗಾಯಿತು. ಪಠ್ಯ ಮಾರಬಹುದು, ಪರೀಕ್ಷೆ ಮಾರಬಹುದು, ಸರ್ಟಿಫಿಕೇಟು ಮಾರಬಹುದು. ಇಲ್ಲಿಯವರಿಗೆ ಇದು ಊರು, ಅವರಿಗೆ ಬೆಳೆಯುತ್ತಿರುವ ಮಾರುಕಟ್ಟೆ.

ಹಾಗೆಂದು ಹೊರಗಿನವರು ಕಲಿಸುವುದೇ ಬೇಡ ಅನ್ನೋದು ಮೂರ್ಖತನ. ಮೈಸೂರು ರೇಷ್ಮೆ ಸೀರೆಯ ಹಿಂದೆಯೇ ಹೊರದೇಶದ ಯಂತ್ರ ಇದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಲಾಯಿತು. ಮಗ್ಗ ಹಡಗಿನಲ್ಲಿ ಬಂತು, ಕಸುಬು ಮೈಸೂರಿನವರ ಕೈಗೆ ಬಂತು. 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ಜಪಾನಿನ ತಜ್ಞರು ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಕೂತು ದ್ವಿತಳಿ ಹುಳು ಸಾಕುವ ವಿದ್ಯೆ ಬೆಳೆಸಿದರು. ಅವರು ಊರಿಗೆ ಹೋದರು, ಸಿ.ಎಸ್.ಆರ್. ತಳಿಗಳು ಇಲ್ಲಿ ಉಳಿದವು. ಒಳ್ಳೇ ಗೂಡಿನ ಬೆಲೆ ಏನೆಂದು ನರಸೀಪುರದ ಸರ್ಕಾರಿ ನೂಲು ಕಾರ್ಖಾನೆಯಲ್ಲಿ ದಾರ ತೆಗೆಯುವವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಉದಾಹರಣೆ ಮೇಟಗಳ್ಳಿ ಕಡೆ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಜಿ.ಟಿ.ಟಿ.ಸಿ. ಎಂದರೆ ಎಲ್ಲರಿಗೂ ಗೊತ್ತು. 1992ರಲ್ಲಿ ಮೈಸೂರಿಗೂ ಬಂತು. ಅಲ್ಲಿ ಹುಡುಗರು ಕಪ್ಪು ಹಲಗೆ ನೋಡಿ ಕಲಿಯುವುದಿಲ್ಲ, ಲೇತ್ ಮುಂದೆ ನಿಂತು, ಕೈಗೆ ಎಣ್ಣೆ ಮಾಡಿಕೊಂಡು ಕಲಿಯುತ್ತಾರೆ.

ಇವೆಲ್ಲ ಸರ್ಕಾರ-ಸರ್ಕಾರದ ನಡುವಿನ ನೆರವು. ಖಾಸಗಿ ಕಂಪನಿಯ ಲೆಕ್ಕವೇ ಬೇರೆ. ಬಿಡದಿಯಲ್ಲಿ ಟೊಯೋಟಾ 2007ರಲ್ಲಿ ತಾಂತ್ರಿಕ ತರಬೇತಿ ಶಾಲೆ ತೆರೆಯಿತು. ಹತ್ತನೇ ತರಗತಿ ಪಾಸಾದ ಹಳ್ಳಿ ಮಕ್ಕಳಿಗೆ ಮೂರು ವರ್ಷ ಊಟ-ವಸತಿ ಸಮೇತ ಕಲಿಕೆ. 2016ರ ನವೆಂಬರಿನಲ್ಲಿ ಜಪಾನ್ ಸರ್ಕಾರ ಭಾರತದ ಜೊತೆ ಒಪ್ಪಂದ ಮಾಡಿಕೊಂಡಿತು. ಹತ್ತು ವರ್ಷದಲ್ಲಿ 30,000 ಜನಕ್ಕೆ ತರಬೇತಿ ಎಂಬುದು ಗುರಿ. 2017ರಲ್ಲಿ ಅದರಡಿ ಬಂದ ಮೊದಲ ನಾಲ್ಕು ಸಂಸ್ಥೆಗಳಲ್ಲಿ ಈ ಬಿಡದಿ ಶಾಲೆಯೂ ಒಂದು.

ಇದು ಧರ್ಮಛತ್ರವೇ? ಖಂಡಿತ ಅಲ್ಲ. ಕಲಿತ ಹುಡುಗ ಸಾಮಾನು ಹಾಳು ಮಾಡುವುದಿಲ್ಲ, ಯಂತ್ರ ಮುರಿಯುವುದಿಲ್ಲ, ಮೂರು ತಿಂಗಳಿಗೆ ಕೆಲಸ ಬಿಟ್ಟು ಓಡುವುದಿಲ್ಲ. ಅದೇ ಕಂಪನಿಗೆ ಲಾಭ. ಯಂತ್ರ ಮಾರುವವರಿಗೆ ಇನ್ನೂ ಒಂದು ಲಾಭ ಉಂಟು. ಯಾವ ಯಂತ್ರದಲ್ಲಿ ಕಲಿತನೋ ನಾಳೆ ಮೇಸ್ತ್ರಿಯಾದಾಗ ಅದನ್ನೇ ಕೊಳ್ಳಿ ಅನ್ನುತ್ತಾನೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಸುಮಾರು 4,700 ಕೋಟಿ ರೂ. ವೆಚ್ಚದಲ್ಲಿ ರಾಜ್ಯದ 150 ಐ.ಟಿ.ಐ.ಗಳಿಗೆ ಹೊಸ ರೂಪ ಬಂದದ್ದು 2022ರಲ್ಲಿ. ಅಂಥಾ ಕಡೆ ತಮ್ಮ ಯಂತ್ರ, ಸಾಫ್ಟ್‌ವೇರ್ ಹೊಕ್ಕರೆ ಸಾಕು ಎಂದು ಕಾಯುವ ಕಂಪನಿಗಳಿಗೆ ಕೊರತೆಯೇ?

ಅಂದ ಮೇಲೆ ಮಾತು ಸ್ಪಷ್ಟ. ಕಲಿಸುವುದರಿಂದ ಕಂಪನಿಗೆ ಲಾಭ ಇದೆ. ಲಾಭ ಇರುವವನೇ ಖರ್ಚು ಹೊರಬೇಕು. ಇಲ್ಲಿ ಮಾತ್ರ ಎಷ್ಟೋ ಮನೆಯಲ್ಲಿ ಅಪ್ಪ ಸಾಲ ಮಾಡಿ ಶುಲ್ಕ ಕಟ್ಟುತ್ತಾನೆ, ಮಗ ಮೂರು ತಿಂಗಳ ಕೋರ್ಸು ಮುಗಿಸಿ ಬಣ್ಣದ ಸರ್ಟಿಫಿಕೇಟು ತರುತ್ತಾನೆ, ಆಮೇಲೆ ಕಂಟ್ರಾಕ್ಟರನ ಕೈಕೆಳಗೆ ಸರಕು ಹೊರುತ್ತಾನೆ.

ಇನ್ನೊಂದು ಹಳ್ಳವೂ ಇದೆ. ಕಲಿಕೆ ಹೆಸರಿನಲ್ಲಿ ದುಡಿಸಿಕೊಳ್ಳುವುದು. ತಾಂತ್ರಿಕ ಶಿಕ್ಷಣ ಮಂಡಳಿ ತಂದಿದ್ದ 'ನೀಮ್' ಯೋಜನೆಯ ಮೇಲೆ ಕಾರ್ಮಿಕ ಸಂಘಗಳ ದೂರು ಇದೇ ಆಗಿತ್ತು. ಹೆಸರಿಗೆ ಟ್ರೈನಿ, ಕೆಲಸಕ್ಕೆ ಪೂರ್ತಿ ಕಾರ್ಮಿಕ, ಸವಲತ್ತಿಗೆ ಯಾರೂ ಅಲ್ಲ. 2022ರಲ್ಲಿ ಮಂಡಳಿ ಆ ಯೋಜನೆಯನ್ನು ಹಿಂತೆಗೆದುಕೊಂಡಿತು.

ಈ ಎರಡು ಹಳ್ಳಗಳ ನಡುವೆ ನಡೆಯಲು ಕಾಲುದಾರಿ ಉಂಟು. ಅದಕ್ಕೆ ಹೊಸ ಕಾನೂನೇನೂ ಬೇಡ. 1961ರ ಅಪ್ರೆಂಟಿಸ್ ಕಾಯಿದೆ ಇದೆ. 2019ರ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕಂಟ್ರಾಕ್ಟ್ ಆಳುಗಳನ್ನೂ ಸೇರಿಸಿ ಒಟ್ಟು ಬಲದ ಶೇ. 2.5ರಿಂದ ಶೇ. 15ರವರೆಗೆ. 400 ಜನರ ಕಾರ್ಖಾನೆ ಅಂದರೆ ಕಡಿಮೆ ಎಂದರೂ 10 ಹುಡುಗರು, ಮನಸ್ಸಿದ್ದರೆ 60. ಕಲಿಯುವಾಗ ತಿಂಗಳ ಭತ್ಯೆ ಕೊಡಬೇಕು. ಅದರ ಕಾಲು ಭಾಗವನ್ನು, ಗರಿಷ್ಠ 1,500 ರೂ., ಸರ್ಕಾರ ಹೊರುವ ಯೋಜನೆ 2016ರಲ್ಲೇ ಬಂದಿದೆ. ಮುಗಿದ ಮೇಲೆ ಪರೀಕ್ಷೆ, ಪಾಸಾದರೆ ದೇಶದಲ್ಲೆಲ್ಲಾ ನಡೆಯುವ ಸರ್ಟಿಫಿಕೇಟು. ಒಂದು ಕಾರ್ಖಾನೆ ಬಾಗಿಲು ಹಾಕಿದರೂ ಇನ್ನೊಂದರ ಬಾಗಿಲು ತಟ್ಟಬಹುದು. ಕಲಿತವನಿಗೆ ಕೆಲಸ ಕೊಡಲೇಬೇಕೆಂದು ಕಾಯಿದೆ ಹೇಳುವುದಿಲ್ಲ, ನಿಜ. ಆದರೆ ಕಲಿತವರ ನೇಮಕದ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೊಂದು ನೀತಿ ಮಾಡಿಕೊಳ್ಳಬೇಕು ಎನ್ನುತ್ತದೆ. ಆ ನೀತಿ ಎಲ್ಲಿದೆ, ತೋರಿಸಿ ಎಂದು ಕೇಳಲು ಯಾರ ಅಪ್ಪಣೆ ಬೇಕು?

ಇದರಲ್ಲಿ ಅಂಗಡಿಯವರಿಗೇನು ಬಂತು ಎನ್ನಬಹುದು. ಬಂದೇ ಬರುತ್ತದೆ. ದಿನಗೂಲಿಯವನು ಬೆಂಕಿಪೊಟ್ಟಣ ಕೊಳ್ಳುತ್ತಾನೆ, ಕಸುಬು ಗೊತ್ತಿರುವ ಸಂಬಳದವನು ಮಿಕ್ಸಿ ಕೊಳ್ಳುತ್ತಾನೆ. ರಾಷ್ಟ್ರಪತಿ ರಸ್ತೆಯ ವ್ಯಾಪಾರವೂ ನರಸೀಪುರ ಸಂತೆಯ ವ್ಯಾಪಾರವೂ ಕಡೆಗೆ ಈ ಸಂಬಳದ ಮೇಲೇ ನಿಂತಿದೆ.

ಆದ್ದರಿಂದ ಕೇಳಬೇಕಾದ್ದು ಮೂರೇ ಮಾತು. ಒಂದು, ಕೈಗಾರಿಕಾ ಪ್ರದೇಶದ ಪ್ರತಿ ಕಾರ್ಖಾನೆ, ಅದು ದೇಶದ್ದಿರಲಿ ವಿದೇಶದ್ದಿರಲಿ, ಈ ವರ್ಷ ಎಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಂಡಿತು, ಅದರಲ್ಲಿ ಈ ಎರಡು ತಾಲ್ಲೂಕಿನವರು ಎಷ್ಟು, ಹೆಣ್ಣುಮಕ್ಕಳು ಎಷ್ಟು ಎಂದು ಬೋರ್ಡಿನಲ್ಲಿ ಬರೆಯಲಿ. ಎರಡು, ಪಾಠ ಕನ್ನಡದಲ್ಲೂ ಇರಲಿ. ಸ್ಪ್ಯಾನರ್ ಹಿಡಿಯಲು ಇಂಗ್ಲಿಷ್ ಬೇಕಿಲ್ಲ. ಮೂರು, ಪಾಳಿ ಹೊತ್ತಿಗೆ ನರಸೀಪುರ, ಬನ್ನೂರು ಕಡೆಯಿಂದ ಬಸ್ಸು ಬರಲಿ. ಬಸ್ಸು ತಪ್ಪಿದ ಹುಡುಗಿಗೆ ಜರ್ಮನಿಯ ಪಠ್ಯ ಇದ್ದೂ ಪ್ರಯೋಜನವಿಲ್ಲ.

ಹೊರದೇಶದ ಗುರುಗಳು ಬರಲಿ, ಚೆನ್ನಾಗಿ ಕಲಿಸಲಿ. ದಕ್ಷಿಣೆಯ ತಟ್ಟೆಯನ್ನು ಮಾತ್ರ ಹುಡುಗನ ಅಪ್ಪನ ಮುಂದೆ ಹಿಡಿಯುವುದು ಬೇಡ. ತಾಲ್ಲೂಕು ಸಭೆಯಲ್ಲಿ ಶಾಸಕರೂ ಅಧಿಕಾರಿಗಳೂ ಕೂತಾಗ ಯಾರಾದರೊಬ್ಬರು ಎದ್ದು ಆ ಅಪ್ರೆಂಟಿಸ್ ಪಟ್ಟಿ ಕೇಳಿದರೆ ಸಾಕು, ಉಳಿದ ಮಾತು ತಾನಾಗಿ ಹೊರಡುತ್ತದೆ.