ಸ್ವಂತ ಅಂಗಡಿಗೂ ಅಪ್ಪಣೆ

ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ ‘ದುಕಾ’ ಎಂದು ಹೆಸರು. ನಮ್ಮ ‘ದುಕಾನಿ’ನ ಬಳಗದ ಮಾತೇ. ಪೂರ್ವ ಆಫ್ರಿಕದ ರೈಲುದಾರಿಯ ಬೆನ್ನು ಹಿಡಿದು ಹೋದ ಭಾರತೀಯ ವರ್ತಕರು ಕೀನ್ಯದ ಸಣ್ಣಪುಟ್ಟ ಊರುಗಳಲ್ಲಿಯೂ ಇಂತಹ ಅಂಗಡಿಗಳನ್ನು ತೆರೆದರು.

1963ರ ಡಿಸೆಂಬರ್ 12ರಂದು ಕೀನ್ಯ ಸ್ವತಂತ್ರವಾಯಿತು. ಪೌರತ್ವವನ್ನು ಕೋರಲು ಎರಡು ವರ್ಷಗಳ ಅವಧಿ ದೊರೆಯಿತು. ಅನೇಕರು ಬ್ರಿಟಿಷ್ ಪಾಸ್‌ಪೋರ್ಟನ್ನೇ ನಂಬಿ ಸುಮ್ಮನಿದ್ದರು. 1967ರಲ್ಲಿ ಎರಡು ಕಾನೂನುಗಳು ಬಂದವು. ಒಂದರಂತೆ, ಪೌರರಲ್ಲದವರು ದುಡಿಯಲು ಪರವಾನಗಿ ಪಡೆಯಬೇಕು. ಅಂಗಡಿ ಸ್ವಂತದ್ದಾದರೂ ಸರಿಯೆ. ಇನ್ನೊಂದರಂತೆ, ಗೊತ್ತುಪಡಿಸಿದ ಪ್ರದೇಶಗಳ ಹೊರಗೆ ಅವರು ವ್ಯಾಪಾರ ಮಾಡಕೂಡದು. ಕೆಲವು ಸರಕುಗಳನ್ನು ಮಾರಕೂಡದು.

ನಾಡಿನ ವಾಣಿಜ್ಯ ನಾಡವರ ಕೈಸೇರಬೇಕೆಂಬುದು ಸರಕಾರದ ವಾದ. ಅದು ನಿರಾಧಾರವಾದುದಲ್ಲ, ಆಂಗ್ಲರ ಆಳ್ವಿಕೆಯಲ್ಲಿ ಆಫ್ರಿಕನ್ ವ್ಯಾಪಾರಿಗೆ ಸಾಲ ಹುಟ್ಟುವುದೇ ದುರ್ಲಭವಾಗಿತ್ತು. ಆದರೆ ತಲೆಮಾರುಗಳಿಂದ ಅಲ್ಲಿಯೇ ಬಾಳಿದ ಮನೆಗಳಿಗೆ ಇದು ಸಿಡಿಲಿನಂತೆರಗಿತು. ಸಾವಿರಾರು ಮಂದಿ ಲಂಡನ್ನಿನ ವಿಮಾನವೇರಿದರು. 1968ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನು ಕೂಡ, ತಂದೆತಾಯಿ ಅಥವಾ ಅಜ್ಜ ಅಜ್ಜಿಯರ ಮೂಲಕ ತನ್ನ ನೆಲದ ಸಂಬಂಧವಿಲ್ಲದವರಿಗೆ ಮುಕ್ತ ಪ್ರವೇಶವನ್ನು ನಿರಾಕರಿಸಿತು. ಪಾಸ್‌ಪೋರ್ಟು ಕೊಟ್ಟ ಕೈಯೇ ಬಾಗಿಲು ಮುಚ್ಚಿತು!

ಇಂದು ಕೀನ್ಯದಲ್ಲಿ ವ್ಯಾಪಾರ ಹೂಡುವ ಪರದೇಶೀಯನು ಒಂದು ಲಕ್ಷ ಡಾಲರ್ ಬಂಡವಾಳವನ್ನು ತೋರಿಸಿ ‘ಜಿ’ ವರ್ಗದ ಪರವಾನಗಿಯನ್ನು ಪಡೆಯಬೇಕು. ಹೊರನಾಡಿಗೆ ಹೊರಟವರು ಹಣದ ಗಂಟಿನ ಜೊತೆಗೆ ಕಾಗದಪತ್ರಗಳ ಗಂಟನ್ನೂ ಭದ್ರಪಡಿಸಿಕೊಳ್ಳುವುದು ಲೇಸು.