ಗಡಿಯಾಚೆಯ ಮೋಟಾರು ಯಾತ್ರೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಾಗರಿಕರಿಗೆ ಗಡಿಯೆಂಬುದು ಹೊಸದಲ್ಲ. 1947ಕ್ಕೆ ಮುಂಚೆ ನಂಗಲಿಯನ್ನು ದಾಟಿದರೆ ಮೈಸೂರು ಸಂಸ್ಥಾನವು ಮುಗಿದು ಬ್ರಿಟಿಷರ ಮದರಾಸು ಪ್ರಾಂತವು ಮೊದಲಾಗುತ್ತಿದ್ದಿತು. ಇಂದು ಅಲ್ಲಿ ಆಂಧ್ರಪ್ರದೇಶವಿದೆ, ದೇಶವೊಂದೇ. ಆದರೆ ಸ್ವಂತ ಮೋಟಾರಿನಲ್ಲಿ ಪರದೇಶದ ಗಿರಿಶಿಖರಗಳನ್ನು ನೋಡಿಬರಲು ಬಯಸುವವರು ಎಲ್ಲ ಗಡಿಗಳೂ ನಂಗಲಿಯಂತೆಯೇ ಇರುವುವೆಂದು ಭ್ರಮಿಸಲಾಗದು.

ಪೂರ್ವದ ಮಾರ್ಗವು ಮನೋಹರವಾದುದು. ಮಣಿಪುರದ ಮೋರೆಯಿಂದ ಬರ್ಮಾದ ಮೂಲಕ ಥಾಯ್ಲೆಂಡಿನ ಮೇ ಸೋಟ್‌ವರೆಗೆ ಸುಮಾರು 1,360 ಕಿಲೋಮೀಟರುಗಳ ಹೆದ್ದಾರಿಯ ಯೋಜನೆಯು 2002ರಲ್ಲಿಯೇ ಹುಟ್ಟಿತು. ಅದಿನ್ನೂ ಪೂರ್ಣಗೊಂಡಿಲ್ಲ, ಬರ್ಮಾದಲ್ಲಿ 2021ರಲ್ಲಿ ಸೈನ್ಯವು ಅಧಿಕಾರವನ್ನು ಕಿತ್ತುಕೊಂಡಂದಿನಿಂದ ಅಂತಃಕಲಹವು ಹಬ್ಬಿದೆ. ಸಂಸಾರಸಮೇತರಾಗಿ ಆ ದಾರಿಯನ್ನು ಹಿಡಿಯುವುದು ಅವಿವೇಕವೆಂದೇ ನಮ್ಮ ಅಭಿಪ್ರಾಯ.

ಸಾಧ್ಯವಾದುದು ನೇಪಾಳದ ದಾರಿ. ಚಿಕ್ಕಬಳ್ಳಾಪುರ, ಹೈದರಾಬಾದು, ನಾಗಪುರ, ಗೋರಖಪುರಗಳ ಮೇಲೆ ಹೋಗಿ ಸೋನೌಲಿಯನ್ನು ಸೇರಬಹುದು. ಅಲ್ಲಿ ಭಾರತೀಯರಿಗೆ ವೀಸಾ ಬೇಡ. ಮೋಟಾರಿಗೆ ಮಾತ್ರ ನೇಪಾಳದ ಸುಂಕದ ಕಟ್ಟೆಯಲ್ಲಿ ದಿನಲೆಕ್ಕದ ಹಣವನ್ನು ತೆತ್ತು ರಹದಾರಿಯನ್ನು ಪಡೆಯಬೇಕು. ಬೇರೆ ಅನೇಕ ದೇಶಗಳಲ್ಲಿ ನಮ್ಮ ಸಾರಿಗೆ ಕಚೇರಿಯವರು ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ವಾಹನವನ್ನು ಮರಳಿ ಒಯ್ಯುವೆವೆಂಬುದಕ್ಕೆ ಜಾಮೀನಾದ ‘ಕಾರ್ನೆ’ ಎಂಬ ಪತ್ರವನ್ನು ಕೇಳುವುದೂ ಉಂಟು.

ಇವನ್ನರಿಯದೆ ಅಷ್ಟು ದೂರ ಹೋಗಿ ಗಡಿಯಲ್ಲಿ ಹಿಂದಿರುಗುವುದು ಹಣಕ್ಕೂ ಕೇಡು, ಮಾನಕ್ಕೂ ಕೇಡು. ಈ ನಿಯಮಗಳನ್ನು ಸರಳವಾದ ಕನ್ನಡದಲ್ಲಿ ಅಚ್ಚುಹಾಕಿಸಿ ಜಿಲ್ಲೆಯ ಸಾರಿಗೆ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರೆ ಮಹೋಪಕಾರವಾದೀತು. ಅಧಿಕಾರಿಗಳು ಲಕ್ಷ್ಯವಿಡುವರೆಂದು ನಂಬುತ್ತೇವೆ.